ಕೂತವರ ಕಣ್ಣಿಗೆ ಬಿಡಿಸಿದ ಗರ್ಭಗುಡಿ

ಚಪ್ಪಟೆ ಗೋಡೆಯಲ್ಲಿ ಆಳ ತೋರಿಸಬೇಕಾದರೆ ಬಣ್ಣ, ಬ್ರಶ್ ಎಲ್ಲ ಆಮೇಲೆ. ನೋಡುವವರ ಕಣ್ಣು ಎಲ್ಲಿರುತ್ತದೆ ಅನ್ನೋದು ಮೊದಲು ಗೊತ್ತಾಗಬೇಕು. ಮುಂಬಯಿಯ ಕಾಂದಿವಲಿಯಲ್ಲಿರುವ ನಮ್ಮ ಭಜನಾ ಮಂದಿರದಲ್ಲಿ ದೇವರ ಪಟದ ಹಿಂದೆ ಗರ್ಭಗುಡಿಯ ಚಿತ್ರ ಬಿಡಿಸಲು ಒಪ್ಪಿಕೊಂಡಾಗ ನಾನು ಶುರು ಮಾಡಿದ್ದೂ ಅಲ್ಲಿಂದಲೇ. ಶನಿವಾರದ ಭಜನೆಯಲ್ಲಿ ತಾಳ ಹಾಕುತ್ತಾ ಅಕ್ಕಪಕ್ಕದವರನ್ನು ಗಮನಿಸಿದೆ. ಚಕ್ಕಳಮಕ್ಕಳ ಹಾಕಿ ಕೂತ ದೊಡ್ಡವರ ಕಣ್ಣು ನೆಲದಿಂದ ಹೆಚ್ಚುಕಡಿಮೆ 2.5 ಅಡಿ ಎತ್ತರದಲ್ಲಿರುತ್ತದೆ. ಎದ್ದು ನಿಂತರೆ ಸುಮಾರು 5 ಅಡಿ. ಇವೆರಡರಲ್ಲಿ ಯಾವುದನ್ನು ಹಿಡಿಯುತ್ತೀರಿ ಅನ್ನುವುದರ ಮೇಲೆ ಇಡೀ ಚಿತ್ರ ಬದಲಾಗುತ್ತದೆ.

ನನ್ನ ಹೊಟ್ಟೆಪಾಡು ಗೋರೆಗಾಂವ್ ಕಡೆ ಧಾರಾವಾಹಿಗಳ ಸೆಟ್ಟಿಗೆ ಹಿನ್ನೆಲೆ ಬಿಡಿಸುವುದು. ಅಲ್ಲಿ ಕೆಲಸ ಸಲೀಸು. ಕ್ಯಾಮೆರಾಕ್ಕೆ ಇರುವುದು ಒಂದೇ ಕಣ್ಣು, ಅದನ್ನು ಎಲ್ಲಿಡುತ್ತಾರೆ ಅಂತ ಮೊದಲೇ ಹೇಳಿರುತ್ತಾರೆ. ಮಂದಿರದಲ್ಲಿ ಹಾಗಲ್ಲ. ಹಾರ್ಮೋನಿಯಂ ನುಡಿಸುವ ಅಣ್ಣ ಎಡಗಡೆ, ಹೆಂಗಸರು ಬಲಗಡೆ, ಮಂಡಿನೋವಿನ ಹಿರಿಯರು ಹಿಂದೆ ಕುರ್ಚಿಯಲ್ಲಿ, ಮಕ್ಕಳು ಎಲ್ಲೆಂದರಲ್ಲಿ. ಎಲ್ಲರಿಗೂ ಎರಡೆರಡು ಕಣ್ಣು. ಒಂದು ಚಿತ್ರ, ಇಷ್ಟೊಂದು ಕಣ್ಣು.

ಈ ತಲೆನೋವು ಹೊಸದೇನಲ್ಲ. ರೋಮ್‌ನ ಸಂತ ಇಗ್ನೇಷಿಯಸ್ ಚರ್ಚಿಗೆ ಗುಮ್ಮಟ ಕಟ್ಟಲಾಗಲಿಲ್ಲ. ಆಂದ್ರೆಯಾ ಪೊಜ್ಜೊ ಎಂಬ ಚಿತ್ರಕಾರ 1685ರಲ್ಲಿ ಸುಮಾರು 17 ಮೀಟರ್ ಅಗಲದ ಕ್ಯಾನ್‌ವಾಸ್ ಮೇಲೆ ಗುಮ್ಮಟ ಬಿಡಿಸಿ, ಅದನ್ನೇ ಮೇಲೆ ಕೂರಿಸಿದ. ಆಮೇಲೆ ಅದೇ ಚರ್ಚಿನ ಛಾವಣಿಗೂ ಬಣ್ಣ ಹಚ್ಚಿದ. ಕಂಬಗಳು ಗೋಡೆ ದಾಟಿ ಆಕಾಶಕ್ಕೆ ಏರಿದ ಹಾಗೆ ಕಾಣುತ್ತವೆ. ಎಲ್ಲಿ ನಿಂತು ನೋಡಬೇಕು ಅಂತ ತೋರಿಸಲು ನೆಲದಲ್ಲಿ ಅಮೃತಶಿಲೆಯ ಬಿಲ್ಲೆ ಕೂರಿಸಿದ್ದಾರೆ. ಅಲ್ಲಿಂದ ಆಚೆ ಸರಿದರೆ ಕಂಬಗಳು ವಾಲುತ್ತವೆ. ಹಾಗಿದ್ದರೂ ಒಂದೇ ನೋಟದ ಬಿಂದು ಸಾಕು ಅಂತ ಪೊಜ್ಜೊ ವಾದಿಸಿದ. ನಾನು ಅವನ ಮಾತನ್ನು ಒಪ್ಪುತ್ತೇನೆ. ನಾಲ್ಕು ಕಡೆಯವರನ್ನೂ ಮೆಚ್ಚಿಸಲು ಹೋದರೆ ಚಿತ್ರ ಯಾರಿಗೂ ಸರಿಯಾಗಿ ಕಾಣುವುದಿಲ್ಲ.

ಪೊಜ್ಜೊ ಹೆಸರು ಕೇಳಿದ್ದು ಕಾಲೇಜಿನಲ್ಲಿ. ನಾನು ಕಲಿತ ಮುಂಬಯಿಯ ಜೆ.ಜೆ. ಕಲಾಶಾಲೆ 1857ರಲ್ಲಿ ಶುರುವಾದದ್ದು. ಅಜಂತಾದ ಚಿತ್ರಗಳನ್ನು ನಕಲು ಮಾಡಲು ಇಲ್ಲಿನ ಮೇಷ್ಟ್ರು ಜಾನ್ ಗ್ರಿಫಿತ್ಸ್ ಜೊತೆ ವಿದ್ಯಾರ್ಥಿಗಳು ಹೋಗಿದ್ದು ಇಲ್ಲಿಂದಲೇ. ನಮ್ಮ ಊರ ಕಡೆಯವರೇ ಆದ ಚಿತ್ರಕಾರ ಕಟ್ಟಿಂಗೇರಿ ಕೃಷ್ಣ ಹೆಬ್ಬಾರರು ಇಲ್ಲಿ ಕಲಿತರು, ಇಲ್ಲೇ ಕಲಿಸಿದರು. ಆ ಹೆಸರೊಂದೇ ನನಗೆ ಧೈರ್ಯ. ಬೆಳಿಗ್ಗೆ ಫೋರ್ಟಿನಲ್ಲಿ ಮಾವನ ಕ್ಯಾಂಟೀನಿನ ಗಲ್ಲಾ ನೋಡಿಕೊಂಡು, ಆಮೇಲೆ ನಡೆದೇ ಕಾಲೇಜಿಗೆ. ಪ್ಲಾಸ್ಟರ್ ಮೂರ್ತಿಗಳನ್ನು ಕಿಟಕಿ ಬೆಳಕಲ್ಲಿಟ್ಟು ಇದ್ದಿಲಿನಲ್ಲಿ ಬಿಡಿಸುವ ಕ್ಲಾಸು ನನಗೆ ತುಂಬ ಇಷ್ಟ. ಒಬ್ಬ ಮರಾಠಿ ಮೇಷ್ಟ್ರು ಹಿಂದಿನಿಂದ ಬಂದು ಕೈ ಹಿಡಿದು ನಿಲ್ಲಿಸುತ್ತಿದ್ದರು. "ಆಧೀ ಬಘ್, ಮಗ್ ಕಾಢ್." ಮೊದಲು ನೋಡು, ಆಮೇಲೆ ಬಿಡಿಸು. ನೆರಳಿನ ಅಂಚು ಎಲ್ಲಿ ಚೂಪು, ಎಲ್ಲಿ ಮಸುಕು ಅಂತ ನೋಡುತ್ತಾ ಕೂತರೆ ಹೊತ್ತು ಹೋದದ್ದೇ ಗೊತ್ತಾಗುತ್ತಿರಲಿಲ್ಲ.

ಗೆಳೆಯರ ಗುಂಪೊಂದು ಭಾನುವಾರ ಸುಮ್ನೆ ಊರು ಸುತ್ತುತ್ತಿತ್ತು. ಹಾಗೆ ಹೋದಾಗಲೇ ಕೊಲಾಬಾದ ಹೋಲಿ ನೇಮ್ ಕ್ಯಾಥೆಡ್ರಲ್ ನೋಡಿದ್ದು. ಒಳಗೆ ಕಾಲಿಟ್ಟು ಮೇಲೆ ನೋಡಿದರೆ ಎಲ್ಲೋ ನೋಡಿದ ಹಾಗಿದೆ ಅನಿಸಿತು. ಅಲ್ಲಿ ಚಿತ್ರ ಬಿಡಿಸಿದವರು ಆಂತೋನಿಯೊ ಮೊಸ್ಕೇನಿ ಅಂತ ಗೊತ್ತಾದಾಗ ಮೈ ಜುಮ್ಮೆಂದಿತು. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್‌ನಲ್ಲಿ ಗೋಡೆ, ಛಾವಣಿ ತುಂಬ ಚಿತ್ರ ಬಿಡಿಸಿದವರೂ ಅವರೇ ಅಲ್ವಾ! ಶಾಲೆಯಿಂದ ನಮ್ಮನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದರು. ಇಟಲಿಯ ಬೆರ್ಗಾಮೊ ಕಡೆಯಿಂದ ಬಂದ ಅವರು 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡರು. ಪೊಜ್ಜೊನ ಹಾಗೆ ಅವರೂ ಜೆಸುಯಿಟ್ ಎಂಬ ಕ್ರೈಸ್ತ ಸನ್ಯಾಸಿ ಸಭೆಯ ಬ್ರದರ್. ಇಬ್ಬರೂ ಪಾದ್ರಿಗಳಲ್ಲ. ತಮ್ಮ ಜೊತೆ ಕೂತು ಪ್ರಾರ್ಥನೆ ಮಾಡುವವರಿಗಾಗಿ ಗೋಡೆಗೆ ಬಣ್ಣ ಹಚ್ಚಿದವರು. ನನ್ನ ಮನಸ್ಸಿಗೆ ನಾಟಿದ್ದು ಇದೇ. ಯಾರಿಗಾಗಿ ಬಿಡಿಸುತ್ತೀಯೋ ಅವರ ಜೊತೆ ಕೂತು ಗೊತ್ತಿದ್ದರೆ ಅವರ ಕಣ್ಣು ಎಲ್ಲಿದೆ ಅಂತ ಅಳೆಯುವುದು ಕಷ್ಟವಲ್ಲ.

ನಾನಂತೂ ಮುಂಬಯಿಗೆ ಬಂದ ಹೊಸತರಿಂದ ಆ ಮಂದಿರದ ಚಾಪೆಯಲ್ಲೇ ಕೂತವನು. ಫೀಸ್ ಕಟ್ಟಲು ಕೈ ಕಟ್ಟಿಹೋದಾಗ ಮಂಡಳಿಯವರು ಒಂದು ಮಾತೂ ಕೇಳದೆ ದುಡ್ಡು ಕೊಟ್ಟಿದ್ದರು. ಭಜನೆ ಮುಗಿದ ಮೇಲೆ ಅವಲಕ್ಕಿ ಪಂಚಕಜ್ಜಾಯ ಹಂಚುತ್ತಾ "ಚಿತ್ರ ಎಲ್ಲಿಗೆ ಬಂತು ಮಾರಾಯಾ?" ಅಂತ ಕೇಳುತ್ತಿದ್ದರು. ಊರು ಬಿಟ್ಟು ಬಂದ ಹುಡುಗನಿಗೆ ಅದು ಜಾಸ್ತಿಯೇ ಆಯಿತು.

ಈಗ ಕೆಲಸದ ಮಾತು. ಕೋಣೆ 11 ಅಡಿ ಅಗಲ. ಮಳೆಗಾಲದಲ್ಲಿ ಆ ಗೋಡೆಗೆ ತೇವ ಹಿಡಿಯುತ್ತದೆ. ನೇರ ಗೋಡೆಗೆ ಬಣ್ಣ ಬಳಿದರೆ ಹಪ್ಪಳದ ಹಾಗೆ ಏಳುತ್ತದೆ. ಅದಕ್ಕೆ ಮಂಗಲದಾಸ್ ಮಾರ್ಕೆಟ್ಟಿನಿಂದ ದಪ್ಪ ಕೋರಾ ಬಟ್ಟೆ ತಂದು, ಮರದ ಚೌಕಟ್ಟಿಗೆ ಬಿಗಿದು, ಗೋಡೆಯಿಂದ ಎರಡು ಬೆರಳು ಗಾಳಿ ಆಡುವ ಹಾಗೆ ನಿಲ್ಲಿಸಿದೆ. ಬಣ್ಣ ಪೂರ್ತಿ ಮ್ಯಾಟ್. ಎಣ್ಣೆ ಪೇಂಟಿನ ಹೊಳಪು ಬೇಡವೇ ಬೇಡ. ಟ್ಯೂಬ್‌ಲೈಟ್ ಅದರಲ್ಲಿ ಮಿಂಚಿದ ಕೂಡಲೇ ಇದು ಬಟ್ಟೆ ಅಂತ ಕಣ್ಣಿಗೆ ಗೊತ್ತಾಗುತ್ತದೆ.

ನೆಲದಿಂದ 2.5 ಅಡಿಗೆ, ಸರಿಯಾಗಿ ನಡುವೆ ಒಂದು ಮೊಳೆ ಹೊಡೆದು ದಾರ ಕಟ್ಟಿದೆ. ಕಂಬ, ತೊಲೆ, ಮೆಟ್ಟಿಲು, ಒಳಕ್ಕೆ ಹೋಗುವ ಪ್ರತಿಯೊಂದು ಅಂಚನ್ನೂ ಆ ದಾರ ಎಳೆದೇ ಗುರುತು ಹಾಕಿದ್ದು. ಕಣ್ಣು ಅಷ್ಟು ಕೆಳಗಿದ್ದರೆ ಚಿತ್ರದ ನೆಲ ಒಂದು ಸಣ್ಣ ಪಟ್ಟಿಯಷ್ಟೇ ಕಾಣುತ್ತದೆ, ಮಾಡು, ಅಂದರೆ ಛಾವಣಿ, ಮಾತ್ರ ತಲೆ ಮೇಲೆ ದೊಡ್ಡದಾಗಿ ಹರಡಿಕೊಳ್ಳುತ್ತದೆ. ಹಾಗಾಗಿ ನೆಲದ ಕಲ್ಲಿಗೆ ಹೆಚ್ಚು ಹೊತ್ತು ಕೊಡಲಿಲ್ಲ. ಮಾಡಿನ ತೊಲೆಗಳ ಅಡಿಭಾಗದ ಕೆತ್ತನೆ, ಕಮಲ, ಹಲಗೆಯ ಸಂದು, ಇದರಲ್ಲೇ ಮುಳುಗಿಹೋದೆ. ಪೀಠದ ಮೇಲೆ ದೇವರ ಪಟವನ್ನು ಮತ್ತೆ ಇಟ್ಟಾಗ ಇನ್ನೊಂದು ಕಂಡಿತು. ಮೊಳೆ ಹೊಡೆದ ಜಾಗ ಸರಿಯಾಗಿ ದೇವರ ಪಾದದ ಹಿಂದೆ ಬಂದಿತ್ತು. ಇಡೀ ಗುಡಿಯ ಗೆರೆಗಳು ಪಾದಕ್ಕೆ ಹೋಗಿ ಸೇರುತ್ತಿದ್ದವು.

ಯುರೋಪಿನ ಛಾವಣಿಗಳಲ್ಲಿ ಆಳ ಅಂದರೆ ಬೆಳಕು. ದೂರ ಹೋದಷ್ಟೂ ಬಣ್ಣ ತಿಳಿಯಾಗುತ್ತಾ ಆಕಾಶ ತೆರೆಯುತ್ತದೆ. ನಮ್ಮ ಗುಡಿಯಲ್ಲಿ ಒಳಗೆ ಹೋದಷ್ಟೂ ಕತ್ತಲೆ. ಹೊರಗಿನ ಕಂಬಕ್ಕೆ ಬಿಸಿಲಿನ ಬಣ್ಣ ಕೊಟ್ಟು, ಒಳಗಿನದಕ್ಕೆ ಕಂದು, ಅದರಾಚೆಗೆ ಬರೀ ಕಪ್ಪಿಗೆ ಹತ್ತಿರದ ಕಂದು ಕೊಟ್ಟೆ. ಕಪ್ಪನ್ನು ಡಬ್ಬಿಯಿಂದ ನೇರ ತೆಗೆದು ಹಚ್ಚಬಾರದು, ಅದು ತೂತು ಬಿದ್ದ ಹಾಗೆ ಕಾಣುತ್ತದೆ. ಸುಟ್ಟ ಕೆಂಗಂದಿಗೆ ನೀಲಿ ಬೆರೆಸಿದರೆ ಬರುವ ಕತ್ತಲೆಯಲ್ಲಿ ಗಾಳಿ ಇರುತ್ತದೆ.

ನೆರಳು ಎಲ್ಲಕ್ಕಿಂತ ಮುಖ್ಯ. ಟ್ಯೂಬ್‌ಲೈಟ್ ಎಡಗೋಡೆಯಲ್ಲಿದೆ, ಆದ್ದರಿಂದ ಚಿತ್ರದ ಎಲ್ಲ ನೆರಳೂ ಬಲಕ್ಕೆ. ನಿಜವಾದ ಪೀಠದ ನೆರಳು ಬಟ್ಟೆಯ ಮೇಲೆ ಬೀಳುವ ಜಾಗದಲ್ಲಿ, ಅದಕ್ಕೆ ತಾಗಿದ ಹಾಗೆ ಚಿತ್ರದ ಕಂಬದ ನೆರಳನ್ನು ಶುರು ಮಾಡಿದೆ. ಎರಡೂ ಎಲ್ಲಿ ಕೂಡುತ್ತವೆ ಅಂತ ಹತ್ತಿರ ಹೋದರೂ ಹೇಳುವುದು ಕಷ್ಟ. ಆ ಲೈಟನ್ನು ಯಾವತ್ತೂ ಜಾಗ ಬದಲಿಸಬೇಡಿ ಅಂತ ಕಾರ್ಯದರ್ಶಿಯವರ ಹತ್ತಿರ ಮಾತು ತಗೊಂಡಿದ್ದೇನೆ.

ಅತ್ತಿತ್ತ ಕೂತವರ ಗತಿ ಏನು? ಬದಿಯಲ್ಲಿ ಕೂತವರಿಗೆ ಗುಡಿ ಸ್ವಲ್ಪ ಓರೆ ಕಾಣುತ್ತದೆ, ಅದನ್ನು ತಪ್ಪಿಸಲಾಗದು. ಕುರ್ಚಿಯ ಹಿರಿಯರದ್ದು ಬೇರೆ ವಿಷಯ. ಅವರ ಕಣ್ಣು ಎತ್ತರದಲ್ಲಿದ್ದರೂ ಅವರು ದೂರದಲ್ಲಿದ್ದಾರೆ. ದೂರ ಹೋದಷ್ಟೂ ಎರಡು ಕಣ್ಣಿಗೆ ಕಾಣುವುದರ ನಡುವಿನ ವ್ಯತ್ಯಾಸ ಕಡಿಮೆಯಾಗುತ್ತದೆ, ಬಟ್ಟೆ ಚಪ್ಪಟೆ ಅನ್ನುವ ಸುಳಿವು ಸಿಗುವುದಿಲ್ಲ. ಹಾಗಾಗಿ ಆಳ ಚೆನ್ನಾಗಿ ಕಾಣುವುದು ಅವರಿಗೇ. ಮಂಗಳಾರತಿಗೆ ಟ್ಯೂಬ್‌ಲೈಟ್ ಆರಿಸಿದಾಗ ಇನ್ನೂ ಚೆನ್ನ. ಚೌಕಟ್ಟಿನ ಅಂಚು ಮರೆಯಾಗಿ, ಒಳಗಿನ ಕತ್ತಲೆಯೂ ಕೋಣೆಯ ಕತ್ತಲೆಯೂ ಒಂದಾಗುತ್ತವೆ.

ಬಟ್ಟೆ ಬಿಗಿದದ್ದನ್ನು ಎಲ್ಲರೂ ನೋಡಿದ್ದಾರೆ, ಚೌಕಟ್ಟು ಹಿಡಿದು ಎತ್ತಿದ್ದಾರೆ. ಆದರೂ ಮೊದಲ ಶನಿವಾರ ಒಬ್ಬ ಅಜ್ಜಿ "ಒಳಗೆ ತಂಪು ಉಂಟು" ಅಂದರು. ಅವರಿಗೆ ಮೋಸ ಆಗಿದೆ ಅಂತ ನನಗೆ ಅನಿಸುವುದಿಲ್ಲ. ಚಿತ್ರ ಅಂತ ಗೊತ್ತಿದ್ದೂ ಒಳಗೆ ಹೋಗಿ ಕೂರುವುದು ಭಜನೆಗೆ ಬಂದವರಿಗೆ ಸಹಜವಾಗಿ ಬರುತ್ತದೆ. ಈ ಕಲೆಗೆ ಅಂಥ ನೋಡುಗರೇ ಬೇಕು.

ಈಗ ಒಂದು ಹಗಲು ಒಂದು ರಾತ್ರಿ ಬಿಡದೆ ನಡೆಯುವ ಏಕಾಹ ಭಜನೆಗೆ ನೆಲದ ರಂಗೋಲಿ ಕೇಳಿದ್ದಾರೆ. ನಡುವೆ ಕಾಲುದೀಪ, ಅದರ ಸುತ್ತ ಕುಣಿತ ಭಜನೆ. ಎಲ್ಲರೂ ಸುತ್ತುತ್ತಲೇ ಇರುತ್ತಾರೆ, ಕಣ್ಣಿಗೆ ಒಂದು ಜಾಗ ಅಂತ ಇಲ್ಲ, ದಾರ ಕಟ್ಟಲು ಮೊಳೆಯೂ ಇಲ್ಲ. ಹಾಗಾಗಿ ಬೆಳಕನ್ನೇ ಆಧಾರ ಮಾಡಿಕೊಂಡಿದ್ದೇನೆ. ಕಮಲದ ಪ್ರತಿ ಎಸಳಿಗೂ ದೀಪದ ಕಡೆಯ ಅಂಚಿನಲ್ಲಿ ಹಳದಿ, ಆಚೆ ಕಡೆ ನೆರಳು. ನೆರಳೆಲ್ಲ ದೀಪದಿಂದ ಹೊರಕ್ಕೆ ಹೋಗುವುದರಿಂದ ಸುತ್ತಿ ಬರುವವರಿಗೆ ಯಾವ ಕಡೆಯಿಂದಲೂ ಎಸಳು ಎದ್ದು ನಿಂತ ಹಾಗೆ ಕಾಣುತ್ತದೆ. ಮನೆಯ ನೆಲದಲ್ಲಿ ಸಣ್ಣದಾಗಿ ಹಾಕಿ, ನಡುವೆ ದೀಪ ಹಚ್ಚಿ ನೋಡಿದ್ದೇನೆ, ಸರಿ ಬರುತ್ತಿದೆ. ನೆರಳಿನ ಪುಡಿಗೆ ಇದ್ದಿಲು ಬೆರೆಸುವುದೋ ನೀಲಿಯೋ ಅನ್ನುವುದೊಂದು ಇನ್ನೂ ತೀರ್ಮಾನ ಆಗಬೇಕು.