ಪೆಟ್ಟಿಗೆಯ ಮುಚ್ಚಳ ಬಿದ್ದ ಮೇಲೆ ತೇರ್ಸ್

ಕಳೆದ ತಿಂಗಳು ಮಗನ ಮನೆಗೆಂದು ಬೆಂಗಳೂರಿಗೆ ಹೋಗಿ ಹನ್ನೆರಡು ದಿನ ಇದ್ದು ಬಂದೆ. ಹನ್ನೆರಡು ದಿನವೂ ರಾತ್ರಿ ಒಂಬತ್ತೂವರೆಗೆ ಒಂದೇ ನಾಟಕ. ಊಟ ಮುಗಿದಿರುತ್ತದೆ, ಮಕ್ಕಳ ಕಣ್ಣು ಎಳೆಯುತ್ತಿರುತ್ತದೆ, ಆಗ ಸೊಸೆಗೆ ನೆನಪಾಗುತ್ತದೆ: "ಅಯ್ಯೋ, ತೇರ್ಸ್ ಆಗಲಿಲ್ಲ!" ತೇರ್ಸ್ ಅಂದರೆ ಮನೆಯವರೆಲ್ಲ ಕೂಡಿ ಹೇಳುವ ಜಪಮಾಲೆ. ತಕ್ಷಣ ಟಿವಿಯಲ್ಲಿ ಯೂಟ್ಯೂಬ್. ಯಾವುದೋ ದೇಶದವರು ಇಂಗ್ಲಿಷಿನಲ್ಲಿ ಜಪಮಾಲೆ ಹೇಳುತ್ತಾರೆ, ನಮ್ಮವರು ಸೋಫಾದಲ್ಲಿ ಒರಗಿ ಉತ್ತರ ಗುಣುಗುತ್ತಾರೆ. ಮಗನಿಗೆ ಒಂದು ಕಣ್ಣು ಫೋನಿನ ಮೇಲೆ. ಎರಡನೇ ಸುತ್ತು ಮುಗಿಯುವಷ್ಟರಲ್ಲಿ ಸಣ್ಣವನು ಮಗುಚಿ ಬಿದ್ದು ನಿದ್ದೆ. ಅವನನ್ನು ಅಲುಗಾಡಿಸಿ, ಗದರಿಸಿ ಕೂರಿಸುವುದು. ಒಂದು ದಿನ ಬೆನ್ನಿಗೆ ಒಂದು ಬಿತ್ತು ಕೂಡ. ಮರಿಯ ಮಾತೆಯ ಹೆಸರು ಬಾಯಲ್ಲಿ, ಮಗುವಿನ ಬೆನ್ನ ಮೇಲೆ ಕೈ. ಇದಕ್ಕೆ ಎಂತ ಹೇಳುವುದು?

ಅಲ್ಲಿ ಬಾಯಿ ಮುಚ್ಚಿಕೊಂಡೇ ಕೂತಿದ್ದೆ. ಅತ್ತೆ ನಾಲ್ಕು ದಿನಕ್ಕೆ ಬಂದವಳು ಮಾತೆತ್ತಿದರೆ ಅದೇ ಒಂದು ವರ್ಷದ ಸುದ್ದಿ ಆಗುತ್ತದೆ. ಈಗ ಊರಿಗೆ ಬಂದಾಯಿತು, ಬರೆಯುತ್ತೇನೆ. ಮನಸ್ಸಿದ್ದರೆ ಅವಳೂ ಓದಲಿ. ಒಳ್ಳೆಯ ಹುಡುಗಿ, ಹೊತ್ತಿನ ಲೆಕ್ಕ ಒಂದು ಇಲ್ಲ, ಅಷ್ಟೆ. ಮತ್ತೆ ಅವಳೊಬ್ಬಳನ್ನೇ ಹೇಳುವುದು ಯಾಕೆ, ನಮ್ಮ ವಾಳೆಯಲ್ಲಿಯೇ, ಅಂದರೆ ಇಗರ್ಜಿಯ ನಮ್ಮ ವಾರ್ಡಿನಲ್ಲಿಯೇ, ಈಗ ಎಷ್ಟು ಮನೆಗಳಲ್ಲಿ ಇದೇ ಅವಸ್ಥೆ.

ಗೊತ್ತಿಲ್ಲದವರಿಗೆ ಒಂದು ಮಾತು. ಮಂಗಳೂರಿನ ಕಡೆಯ ನಮ್ಮ ಕ್ರೈಸ್ತರ ಮನೆಗಳಲ್ಲಿ ಸಂಜೆ ಎಲ್ಲರೂ ಕೂಡಿ ಜಪಸರ ಹೇಳುತ್ತೇವೆ, ಅದಕ್ಕೆ ತೇರ್ಸ್ ಅನ್ನುವುದು. ಹತ್ತು ಹತ್ತು ಮಣಿಯ ಐದು ಸುತ್ತು. ಒಂದೊಂದು ಸುತ್ತಿಗೆ ಯೇಸು ಮತ್ತು ಮಾತೆಯ ಬದುಕಿನ ಒಂದೊಂದು ಘಟನೆ ನೆನೆಯುವುದು, ಅದಕ್ಕೆ ರಹಸ್ಯ ಅನ್ನುವುದು. ಎಳೆಯದೆ ಹೇಳಿದರೆ ಇಪ್ಪತ್ತು ನಿಮಿಷ, ನಮ್ಮ ಪಪ್ಪನ ಹಾಗೆ ಸತ್ತ ಸಂಬಂಧಿಕರಿಗೆಲ್ಲ ಒಂದೊಂದು ಪ್ರಾರ್ಥನೆ ಸೇರಿಸುತ್ತಾ ಹೋದರೆ ಮುಕ್ಕಾಲು ಗಂಟೆ. ಮಕ್ಕಳಿರುವ ಮನೆಯಲ್ಲಿ ಇಪ್ಪತ್ತೇ ಸಾಕು. ಸತ್ತವರಿಗೆ ಅವಸರ ಇರುವುದಿಲ್ಲ, ಅವರಿಗೆ ಭಾನುವಾರ ಹೇಳಿ.

ತೇರ್ಸ್ ಊಟದ ಮೊದಲೇ ಆಗಬೇಕು. ಹೊಟ್ಟೆ ತುಂಬಿದ ಮೇಲೆ ದೊಡ್ಡವರಿಗೇ ತೂಕಡಿಕೆ ಬರುತ್ತದೆ, ಆರು ವರ್ಷದ ಮಗುವಿಗೆ ಬಾರದೆ ಇರುತ್ತದಾ? ಹಾಗಂತ ತೀರ ಹಸಿದ ಮಗುವನ್ನೂ ಮೊಣಕಾಲೂರಿಸಬೇಡಿ. ಶಾಲೆಯಿಂದ ಬಂದ ಕೂಡಲೇ ಏನಾದರೂ ತಿನ್ನಲಿ, ಆಡಲಿ, ಬೆವರಲಿ, ಕೈಕಾಲು ಮುಖ ತೊಳೆಯಲಿ. ಅದಾದ ಮೇಲೆ.

"ಆ ಹೊತ್ತಿಗೆ ಅಡುಗೆ ಇರುತ್ತದಲ್ಲ ಮಾಂಯ್" ಅನ್ನುತ್ತೀರಿ. ನನ್ನನ್ನು ಎಲ್ಲರೂ ಕರೆಯುವುದು ಮಾಂಯ್ ಅಂತ. ಗೊತ್ತುಂಟು. ಅದಕ್ಕೇ ನಾನು ಅನ್ನದ ಪೆಟ್ಟಿಗೆಯ ಕಥೆ ಹೇಳಲು ಕೂತದ್ದು.

ನಮ್ಮ ಅಜ್ಜಿಯ ಹತ್ತಿರ ಬೈಹುಲ್ಲು ತುರುಕಿದ, ಒಳಗೆ ಗೋಣಿಚೀಲ ಹೊದಿಸಿದ ಒಂದು ಮರದ ಪೆಟ್ಟಿಗೆ ಇತ್ತು. ಈಗ ನಮ್ಮೂರಿನ ಪಾತ್ರೆ ಅಂಗಡಿಗಳಲ್ಲಿ ಸ್ಟೀಲಿನ ಥರ್ಮಲ್ ಕುಕ್ಕರ್ ಸಿಗುತ್ತದಲ್ಲ, ಕುಚ್ಚಲಕ್ಕಿ ಬೇಯಿಸುವುದು, ಅದೇ ಸಂಗತಿ. ಅರ್ಧ ಬೆಂದ ಅನ್ನವನ್ನು ಪಾತ್ರೆ ಸಮೇತ ಅದರೊಳಗೆ ಇಟ್ಟು ಮುಚ್ಚಿದರೆ ತನ್ನ ಬಿಸಿಗೆ ತಾನೇ ಬೇಯುತ್ತದೆ. ಮಗನ ಮನೆಯಲ್ಲಿಯೂ ಉಂಟು, ನಾನೇ ಕೊಡಿಸಿದ್ದು. ಅದರೊಳಗೆ ಈಗ ಪ್ಲಾಸ್ಟಿಕ್ ಚೀಲ ತುಂಬಿಸಿ ಇಟ್ಟಿದ್ದಾರೆ.

ಸರಿಯಾಗಿ ಕೇಳಿ. ಕುಚ್ಚಲಕ್ಕಿಯನ್ನು ಮೂರು ನಾಲ್ಕು ಸಲ ಉಜ್ಜಿ ತೊಳೆಯಬೇಕು, ನೀರಿನ ಕೆಂಪು ತಿಳಿಯಾಗುವ ತನಕ. ನೀರು ಬಸಳೆ ಬುಡಕ್ಕೆ. ಪಾತ್ರೆಯಲ್ಲಿ ನೀರು ಮೊದಲು ಕುದಿಯಲಿ, ಅಕ್ಕಿ ಆಮೇಲೆ. ನೀರು ಎಷ್ಟು ಅಂದರೆ ಅಕ್ಕಿ ಅದರಲ್ಲಿ ಈಜಾಡಬೇಕು, ಜಿಪುಣತನ ಬೇಡ, ಹೇಗೂ ಬಸಿಯುವುದೇ. ಮುಖ್ಯ ಎಂತದೆಂದರೆ ಪಾತ್ರೆ ತುಂಬುವ ಹಾಗೆ ಇಡಬೇಕು. ಇಬ್ಬರಿಗೆಂದು ಒಂದು ಮುಷ್ಟಿ ಅಕ್ಕಿಯನ್ನು ದೊಡ್ಡ ಪಾತ್ರೆಯಲ್ಲಿ ಹಾಕಿ ಪೆಟ್ಟಿಗೆಗೆ ಇಟ್ಟರೆ ಬಿಸಿ ನಿಲ್ಲುವುದಿಲ್ಲ. ಆಮೇಲೆ "ಮಾಂಯ್, ನಿಮ್ಮ ಪೆಟ್ಟಿಗೆಯಲ್ಲಿ ಅನ್ನ ಬೇಯುವುದಿಲ್ಲ" ಅಂತ ಫೋನು. ಉಳಿದರೆ ಬೆಳಿಗ್ಗೆ ಗಂಜಿಗೆ ಆಗುತ್ತದೆ, ತುಂಬ ಇಡಿ.

ನೊರೆ ಉಕ್ಕಿ ಬರುವಾಗ ಒಂದು ಸಲ ಕೈಲಿನಿಂದ ಅಡಿ ಎತ್ತಿ ತಿರುಗಿಸಿ, ಮುಚ್ಚಳ ಓರೆ ಮಾಡಿ ಬಿಡಿ. ಕಾಲು ಗಂಟೆ, ಹಳೆ ಅಕ್ಕಿಯಾದರೆ ಇನ್ನೂ ಸ್ವಲ್ಪ. ಗಡಿಯಾರ ನೋಡಬೇಡಿ, ಕಾಳು ನೋಡಿ. ಒಂದು ಅಗುಳು ತೆಗೆದು ಎರಡು ಬೆರಳ ನಡುವೆ ಒತ್ತಿದರೆ ಹೊರಗೆ ಮೆತ್ತಗಾಗಿರಬೇಕು, ನಡುವಿನಲ್ಲಿ ಸಾಸಿವೆಯಷ್ಟು ಗಟ್ಟಿ ಉಳಿದಿರಬೇಕು. ಅದೇ ಹದ. ಈಗ ಮುಚ್ಚಳ ಸರಿಯಾಗಿ ಮುಚ್ಚಿ, ಇನ್ನೊಂದು ಜೋರು ಕುದಿ ಬರಲಿ, ಮುಚ್ಚಳವೂ ಕೈ ಇಡಲಾಗದಷ್ಟು ಕಾಯಲಿ. ಇದನ್ನೇ ಎಲ್ಲರೂ ಬಿಡುವುದು. ಮುಚ್ಚಳ ತಣ್ಣಗಿದ್ದರೆ ಪೆಟ್ಟಿಗೆಯ ಬಿಸಿಯನ್ನು ಅದೇ ಕುಡಿಯುತ್ತದೆ. ಪೆಟ್ಟಿಗೆ ಒಲೆಯ ಪಕ್ಕದಲ್ಲೇ ಇರಲಿ, ಒಳಗಿನ ಪಸೆ ಮೊದಲೇ ಒರೆಸಿರಿ. ಗ್ಯಾಸ್ ಆರಿಸಿ, ಪಾತ್ರೆ ಎತ್ತಿ, ಒಳಗಿಟ್ಟು, ಮುಚ್ಚಿ. ನಡುವಿನಲ್ಲಿ ಯಾರ ಹತ್ತಿರವೂ ಮಾತಾಡಲಿಕ್ಕಿಲ್ಲ, ಬಾಗಿಲು ತಟ್ಟಿದರೂ ಹೋಗಲಿಕ್ಕಿಲ್ಲ. ಪಾತ್ರೆ ಸಣ್ಣದಾಗಿ ಪೆಟ್ಟಿಗೆಯೊಳಗೆ ಜಾಗ ಉಳಿದರೆ ಒಂದು ಹಳೆ ಟವೆಲು ಸುತ್ತಲೂ ತುರುಕಿ.

ಪಾತ್ರೆ ಎತ್ತಿಡುವುದು ದೊಡ್ಡವರ ಕೆಲಸ. ಪೆಟ್ಟಿಗೆಯ ಮುಚ್ಚಳ ಹಾಕುವುದು ಮಾತ್ರ ಮಗುವಿನ ಕೆಲಸ. ನಮ್ಮ ಮನೆಯಲ್ಲಿ ಅದು ಯಾವಾಗಲೂ ಎಲ್ಲರಿಗಿಂತ ಸಣ್ಣವರದ್ದು. ಮುಚ್ಚಳ ಢಬ್ ಅಂತ ಬಿದ್ದರೆ ತೇರ್ಸ್ ಶುರು. ಯಾರೂ ಯಾರನ್ನೂ ಕೂಗುವುದಿಲ್ಲ. "ಬಾ, ಬಾ, ಎಷ್ಟು ಸಲ ಕರೆಯುವುದು" ಎಂಬ ಬೊಬ್ಬೆ ಇಲ್ಲ. ಕರೆದದ್ದು ಅಮ್ಮ ಅಲ್ಲವಲ್ಲ, ಅನ್ನ. ಇನ್ನು ಒಂದು ಗಂಟೆ ಆ ಪೆಟ್ಟಿಗೆ ತೆರೆಯುವ ಹಾಗಿಲ್ಲ, ತೆರೆದರೆ ಅನ್ನ ಕೆಟ್ಟಿತು. ಅಂದರೆ ತಾಯಿ ನಡುವೆ ಎದ್ದು ಅಡುಗೆಮನೆಗೆ ಓಡುವ ಹಾಗೂ ಇಲ್ಲ. ಮಕ್ಕಳು ನೋಡುವುದು ಅದನ್ನೇ. ಅಮ್ಮ ಒಂದು ಕಿವಿ ಕುಕ್ಕರಿನ ವಿಶಲಿಗೆ ಕೊಟ್ಟು, ಇನ್ನೊಂದು ಕಿವಿಯಲ್ಲಿ ಪ್ರಾರ್ಥನೆ ಕೇಳಿದರೆ, ಮಕ್ಕಳೂ ಹಾಗೆಯೇ ಕಲಿಯುತ್ತವೆ. ತೇರ್ಸ್ ಮುಗಿದ ಮೇಲೆ ಉಳಿದ ಹೊತ್ತು ಹೋಂವರ್ಕಿಗೆ. ಏಳೂಕಾಲಕ್ಕೆ ಮುಚ್ಚಿದ್ದನ್ನು ಎಂಟೂಕಾಲಕ್ಕೆ ತೆರೆದು ಬಸಿದರೆ ಅಗುಳು ಒಡೆಯದೆ ಅರಳಿರುತ್ತದೆ.

ನನ್ನ ಮೂರು ಮಕ್ಕಳೂ ಈ ಮುಚ್ಚಳಕ್ಕಾಗಿ ಜಗಳವಾಡಿದ್ದಾರೆ. ಈಗ ಬೆಂಗಳೂರಿನಲ್ಲಿ ಫೋನ್ ಹಿಡಿದು ಕೂರುವವನು ತಂಗಿ ಬೆಳೆದು ಮುಚ್ಚಳದ ಕೆಲಸ ಕೈತಪ್ಪಿದಾಗ ಎರಡು ದಿನ ಮಾತು ಬಿಟ್ಟಿದ್ದ. ಅವನಿಗೆ ಮೇಣದಬತ್ತಿ ಹಚ್ಚುವ ಬಡ್ತಿ ಕೊಟ್ಟು ಸಮಾಧಾನ ಮಾಡಿದೆ.

ಮೇಣ ಅಂದಾಗ ನೆನಪಾಯಿತು, ಆಲ್ತಾರಿನ, ಅಂದರೆ ಮನೆಯ ದೇವರ ಪೀಠದ, ಬಟ್ಟೆಗೆ ಮೇಣ ಬಿದ್ದರೆ ಉಗುರಿನಲ್ಲಿ ಕೆರೆದು ಹರಿಯಬೇಡಿ. ಫ್ರಿಜ್ಜಿನಲ್ಲಿಟ್ಟು ಗಟ್ಟಿಯಾದ ಮೇಲೆ ಚಮಚದ ಬೆನ್ನಿನಲ್ಲಿ ಎಬ್ಬಿಸಿ, ಉಳಿದದ್ದಕ್ಕೆ ಕೆಳಗೊಂದು ಮೇಲೊಂದು ಬಿಳಿ ಕಾಗದ ಇಟ್ಟು ಇಸ್ತ್ರಿ ಆಡಿಸಿ. ನ್ಯೂಸ್ ಪೇಪರು ಹಾಕಿದರೆ ಶಾಯಿ ಹತ್ತುತ್ತದೆ. ಸೊಸೆ ಹಾಕಿದ್ದಾಳೆ. ನಾನು ಕೈಯಾರೆ ಲೇಸ್ ಹೆಣೆದುಕೊಟ್ಟ ಬಟ್ಟೆಯ ಮೇಲೆ ಈಗ ಯಾವುದೋ ಫ್ಲ್ಯಾಟಿನ ಜಾಹೀರಾತು ಉಲ್ಟಾ ಓದಬಹುದು.

ಇರಲಿ. ಪ್ರತಿ ಮಗುವಿಗೂ ತೇರ್ಸಿನಲ್ಲಿ ಒಂದು ಕೆಲಸ ಇರಬೇಕು. ಓದಲು ಬರುವವರು ಒಂದೊಂದು ಸುತ್ತು ನಡೆಸಲಿ. ಬಾರದವರು ಮಣಿ ಎಣಿಸಲಿ, ತಪ್ಪಿ ಹನ್ನೊಂದಾದರೆ ಮಾತೆ ಬೇಡ ಅನ್ನುವುದಿಲ್ಲ. ಮೊದಲ ಸುತ್ತಿಗೆ ಮತ್ತು ಕೊನೆಗೆ ಮೊಣಕಾಲೂರಿದರೆ ಸಾಕು, ನಡುವೆ ಚಾಪೆಯ ಮೇಲೆ ಕೂರಲಿ. ಸೋಫಾ ಮಾತ್ರ ಬೇಡ. ಮೊಮ್ಮಗಳಿಗೆ ನಾನು ವಾರದ ಲೆಕ್ಕ ಒಪ್ಪಿಸಿ ಬಂದಿದ್ದೇನೆ: ಸೋಮವಾರ ಶನಿವಾರ ಸಂತೋಷದ ರಹಸ್ಯ, ಮಂಗಳವಾರ ಶುಕ್ರವಾರ ದುಃಖದ್ದು, ಬುಧವಾರ ಭಾನುವಾರ ಮಹಿಮೆಯದು, ಗುರುವಾರ ಬೆಳಕಿನದು. ಬೆಳಕಿನ ರಹಸ್ಯಗಳನ್ನು ಎರಡನೇ ಜಾನ್ ಪಾವ್ಲ್ ಪೋಪ್ ಸ್ವಾಮಿಗಳು ಸೇರಿಸಿದ್ದು 2002ರಲ್ಲಿ. ಅದಕ್ಕಿಂತ ಮೊದಲು ಗುರುವಾರವೂ ಸಂತೋಷದ್ದೇ ಹೇಳುತ್ತಿದ್ದೆವು. ನನ್ನ ನಾಲಿಗೆ ಇವತ್ತಿಗೂ ಗುರುವಾರ ಹಳೇ ದಾರಿಗೇ ಹೋಗುತ್ತದೆ. ಅವಳು ಕೂಡಲೇ ಹಿಡಿಯುತ್ತಾಳೆ, "ಮಾಂಯ್, ರಾಂಗ್!" ಅಜ್ಜಿಯ ತಪ್ಪು ಹಿಡಿಯುವ ಆಸೆಗಾದರೂ ಮಗು ಎಚ್ಚರ ಇರುತ್ತದೆ.

ಅವಳಿಗೆ ಪುಸ್ತಕ ಕೊಟ್ಟರೆ ಓದಲು ಬರುವುದಿಲ್ಲ, ಅದೊಂದು ಸಂಕಟ. ನಮ್ಮ ಕೊಂಕಣಿ ಪ್ರಾರ್ಥನೆಯ ಪುಸ್ತಕಗಳಿರುವುದು ಕನ್ನಡ ಲಿಪಿಯಲ್ಲಿ. 1938ರಿಂದ ಬರುತ್ತಿರುವ ನಮ್ಮ ‘ರಾಕ್ಣೊ’ ಪತ್ರಿಕೆಯೂ ಕನ್ನಡ ಲಿಪಿಯದ್ದೇ. ನಾನು ಅಕ್ಷರ ಕೂಡಿಸಲು ಕಲಿತದ್ದು ಅರ್ಧ ಶಾಲೆಯಲ್ಲಿ, ಅರ್ಧ ಅಜ್ಜಿಯ ಪ್ರಾರ್ಥನೆ ಪುಸ್ತಕದಲ್ಲಿ. ಬಾಯಿಪಾಠ ಇದ್ದ ಮಾತನ್ನೇ ಬೆರಳಿಟ್ಟು ಓದುವುದು, ಅಕ್ಷರ ತಾನಾಗಿ ಹತ್ತುತ್ತದೆ. ಮಗ ಸೊಸೆ ಇಬ್ಬರೂ ಕೂಡಿ "ಮಾರ್ಕು ಸುಲಭ" ಅಂತ ಮಗುವಿಗೆ ಶಾಲೆಯಲ್ಲಿ ಕನ್ನಡದ ಬದಲು ಹಿಂದಿ ಕೊಡಿಸಿದ್ದಾರೆ. ಕನ್ನಡ ಬಿಟ್ಟರೆ ಕನ್ನಡ ಒಂದೇ ಅಲ್ಲ, ಮನೆಮಾತಿನ ಪುಸ್ತಕವೂ ಮುಚ್ಚಿತು ಅನ್ನುವುದು ಆ ಹೊತ್ತಿಗೆ ಇಬ್ಬರಿಗೂ ಹೊಳೆಯಲಿಲ್ಲವಾ? ಆ ಹನ್ನೆರಡು ದಿನದಲ್ಲಿ ಮೊಮ್ಮಗಳಿಗೆ ದಿನಾ ಮಧ್ಯಾಹ್ನ ಮಣಿಮಣಿಗೆ ಹೇಳುವ ಮಾತೆಯ ಪ್ರಾರ್ಥನೆ ‘ನಮಾನ್ ಮರಿಯೆ’ ಒಂದನ್ನೇ ಬೆರಳಿಟ್ಟು ಓದಿಸಿದೆ. ಬರುವ ದಿನ ಹಾಲಿನ ಪ್ಯಾಕೆಟಿನ ಮೇಲಿನ ‘ನಂದಿನಿ’ಯನ್ನು ತಾನಾಗಿ ಓದಿ, ಮನೆಯಿಡೀ ಓಡಾಡಿದಳು.

ಇನ್ನು ಬೆಸಾಂವ್. ತೇರ್ಸ್ ಮುಗಿದ ಮೇಲೆ ಮಕ್ಕಳು ಒಬ್ಬೊಬ್ಬರಾಗಿ ಹಿರಿಯರ ಮುಂದೆ ಬಂದು ಕೈಮುಗಿದು "ಬೆಸಾಂವ್ ದೀ" ಅನ್ನುವುದು, ನಾವು ಹಣೆಗೆ ಶಿಲುಬೆ ಗುರುತು ಹಾಕಿ ಆಶೀರ್ವಾದ ಕೊಡುವುದು. ಯೂಟ್ಯೂಬಿನಲ್ಲಿ ಇದು ಬರುವುದಿಲ್ಲ, ಹಾಗಾಗಿ ಮಗನ ಮನೆಯಲ್ಲಿ ಇದೂ ಬಿಟ್ಟುಹೋಗಿದೆ. ತೇರ್ಸನ್ನು ಬೇಕಾದರೆ ಒಂದು ದಿನ ಮೂರೇ ಸುತ್ತಿಗೆ ನಿಲ್ಲಿಸಿ, ಬೆಸಾಂವ್ ಬಿಡಬೇಡಿ.

ನಾನು ಏಳನೆಯಲ್ಲಿರುವಾಗ ಗಣಿತದಲ್ಲಿ ಫೇಲಾದ ಮಾರ್ಕ್ಸ್ ಕಾರ್ಡಿಗೆ ನಾನೇ ಪಪ್ಪನ ಸಹಿ ಹಾಕಿದ್ದೆ. ಸಿಕ್ಕಿಬಿದ್ದೆ. ಸಂಜೆ ಚೆನ್ನಾಗಿ ಬಿತ್ತು. ಆಮೇಲೆ ಮಾಮೂಲಿನ ಹಾಗೆ ತೇರ್ಸ್. ಬೆಸಾಂವ್ ಕೇಳಲು ಎಲ್ಲರೂ ಹೋದರು, ನಾನು ಕಂಬದ ಹಿಂದೆ ನಿಂತೆ. ಪಪ್ಪ ಕರೆಯಲೂ ಇಲ್ಲ, ಏಳಲೂ ಇಲ್ಲ. ಕುರ್ಚಿಯಲ್ಲಿ ಹಾಗೆಯೇ ಕೂತರು. ಬಸಿದ ಅನ್ನ ಆರುತ್ತಿತ್ತು, ಅಮ್ಮನೂ ಊಟಕ್ಕೆ ಕರೆಯಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಹೋಗಿ ನಿಂತು ಕೈಮುಗಿದೆ. ಹಣೆಯ ಮೇಲೆ ಬಿದ್ದ ಹೆಬ್ಬೆರಳಿಗೆ ಬೀಡಿಯ ವಾಸನೆ ಇತ್ತು. "ದೇವ್ ಬೆಸಾಂವ್ ದೀಂವ್, ಪುತಾ" ಅಂದರು. ಸಹಿಯ ಮಾತು ಅವತ್ತೂ ಎತ್ತಲಿಲ್ಲ, ಸಾಯುವವರೆಗೂ ಎತ್ತಲಿಲ್ಲ.

ಹಾಗಾಗಿ ಹೇಳುತ್ತೇನೆ, ಬೆಸಾಂವ್ ಹೊತ್ತಿನಲ್ಲಿ ಮಾರ್ಕ್ಸ್ ಕಾರ್ಡ್ ಎತ್ತಬೇಡಿ, "ಇನ್ನಾದರೂ ಒಳ್ಳೆಯವಳಾಗು" ಅಂತ ಬಾಲ ಸೇರಿಸಬೇಡಿ. ಬೈಯುವುದು ಇದ್ದರೆ ಅಕ್ಕಿ ಕುದಿಯುವಾಗಲೇ ಬೈದು ಮುಗಿಸಿ, ಪೆಟ್ಟಿಗೆಯ ಮುಚ್ಚಳ ಬಿದ್ದ ಮೇಲೆ ಇಲ್ಲ. ಅಣ್ಣ ತಂಗಿ ಜಗಳವಾಡಿದ್ದರೆ ಇಬ್ಬರೂ ಒಟ್ಟಿಗೆ ಬರಲಿ. ಮತ್ತೆ ಈಗಿನ ಕೆಲವರದ್ದು ಒಂದು ಹೊಸ ಅಭ್ಯಾಸ ನೋಡುತ್ತೇನೆ: ತಪ್ಪು ಮಾಡಿದರೆ "ಹೋಗು, ಹತ್ತು ನಮಾನ್ ಮರಿಯೆ ಹೇಳು" ಅಂತ ಶಿಕ್ಷೆ. ಪಾದ್ರಿಯವರು ಕುಂಪ್ಸಾರಿನಲ್ಲಿ, ಅಂದರೆ ಪಾಪ ಹೇಳಿಕೊಳ್ಳುವಾಗ, ಪ್ರಾಯಶ್ಚಿತ್ತ ಕೊಡುವುದು ಬೇರೆ, ನೀವು ಹಾಲು ಚೆಲ್ಲಿದ್ದಕ್ಕೆ ಕೊಡುವುದು ಬೇರೆ. ಹಾಲು ಚೆಲ್ಲಿದರೆ ಒರೆಸಲಿ. ಒರೆಸುವ ಬಟ್ಟೆ ಕೊಡಿ, ಜಪಸರ ಕೊಡಬೇಡಿ.

ಮನೆಯಲ್ಲಿ ಇಲ್ಲದವರನ್ನೂ ಮಕ್ಕಳ ಬಾಯಿಂದಲೇ ನೆನೆಸಿರಿ. ಮೊಂತಿ ಫೆಸ್ತಿಗೆ, ಅಂದರೆ ಮರಿಯ ಮಾತೆಯ ಹುಟ್ಟುಹಬ್ಬಕ್ಕೆ, ಸೆಪ್ಟೆಂಬರ್ 8ಕ್ಕೆ, ಇಗರ್ಜಿಯಲ್ಲಿ ಆಶೀರ್ವದಿಸಿ ಕೊಟ್ಟ ಹೊಸ ತೆನೆಯ ಕಾಳನ್ನು ಸುಲಿದು ಪುಡಿ ಮಾಡಿ, ಮುಂಬಯಿಯಲ್ಲಿದ್ದ ನನ್ನ ಅಣ್ಣನಿಗೆ ಅಮ್ಮ ಕಾಗದದ ಮಡಿಕೆಯಲ್ಲಿ ಅಂಚೆಗೆ ಹಾಕುತ್ತಿದ್ದಳು. ಅಂಟು ನೆಕ್ಕಿ ಲಕೋಟೆ ಮುಚ್ಚುವ ಕೆಲಸ ನನ್ನದು. ಈಗ ನಾನು ಮಗನಿಗೆ ಹಾಗೆಯೇ ಕಳಿಸುತ್ತೇನೆ, ಕೊರಿಯರಿನಲ್ಲಿ. ತಲುಪಿದೆ ಅಂತ ಹೆಬ್ಬೆಟ್ಟಿನ ಚಿತ್ರ ಬರುತ್ತದೆ.

ಬಸಿಯುವ ಮಾತು ಅರ್ಧಕ್ಕೆ ಬಿಟ್ಟೆ. ಪೆಟ್ಟಿಗೆ ತೆರೆದ ಮೇಲೆ ಅಗುಳು ಹಿಚುಕಿ ನೋಡಿ, ಗಟ್ಟಿ ಇದ್ದರೆ ಒಲೆಯ ಮೇಲೆ ಇನ್ನೊಂದು ಕುದಿ. ಬಸಿದ ತೆಳಿಯನ್ನು ಸಿಂಕಿಗೆ ಸುರಿಯುವ ಕೈಗಳನ್ನು ನಾನು ಕ್ಷಮಿಸುವುದಿಲ್ಲ. ಒಂದು ಲೋಟಕ್ಕೆ ಹಾಕಿ, ಕಲ್ಲುಪ್ಪು ಬೆರೆಸಿ, ಬಿಸಿ ಇರುವಾಗಲೇ ಅವತ್ತು ಮುಚ್ಚಳ ಹಾಕಿದ ಮಗುವಿಗೆ ಕೊಡಿ. ಅದು ಅವರ ಸಂಬಳ. ಮಗನ ಮನೆಯಲ್ಲಿ ನಾನಿದ್ದ ಕೊನೆಯ ಮೂರು ದಿನ ಪ್ಲಾಸ್ಟಿಕ್ ಖಾಲಿ ಮಾಡಿ ಅನ್ನ ಇಟ್ಟೆ, ಸಣ್ಣವನು ತೆಳಿಯನ್ನು ಎರಡೂ ಕೈಯಲ್ಲಿ ಹಿಡಿದು ಮೀಸೆ ಬರಿಸಿಕೊಂಡು ಕುಡಿದ. ನಿನ್ನೆ ಫೋನಿನಲ್ಲಿ ಕೇಳಿದೆ, "ಮುಚ್ಚಳ ಹಾಕಿದಿಯಾ ಪುತಾ?" ಅವನು ಅಮ್ಮನಿಗೆ ಕೇಳದ ಹಾಗೆ ಮೆಲ್ಲಗೆ ಹೇಳಿದ, "ಪೆಟ್ಟಿಗೆಯಲ್ಲಿ ಮತ್ತೆ ಪ್ಲಾಸ್ಟಿಕ್ ಉಂಟು ಮಾಂಯ್."