ಜ್ವಾಲಾಮುಖಿಯ ಎದುರು ಮನೆ ಮಾಡಿ ಇದ್ದ ನನ್ನ ಅನುಭವ

ಅಕ್ಕನ ಮಗಳಿಗೆ ಜಪಾನಿನ ಕಾಗೋಶಿಮಾ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿದೆ. ಸುದ್ದಿ ಗೊತ್ತಾದ ದಿನದಿಂದ ಮಂಗಳೂರಿನ ಬಿಜೈಯ ನಮ್ಮ ಮನೆಗೆ ಫೋನಿನ ಮೇಲೆ ಫೋನು. ಅಕ್ಕ, ಭಾವ, ಭಾವನ ಅಮ್ಮ, ಎಲ್ಲರದ್ದೂ ಒಂದೇ ಪ್ರಶ್ನೆ. "ಅಲ್ಲಿ ಬೆಂಕಿ ಉಗುಳುವ ಗುಡ್ಡ ಉಂಟಂತಲ್ಲ, ಹುಡುಗಿಯನ್ನು ಹೇಗೆ ಕಳಿಸುವುದು?" ನಮ್ಮವರ ಕೆಲಸದಿಂದಾಗಿ ಅದೇ ಊರಿನಲ್ಲಿ ಕೆಲವು ವರ್ಷ ಸಂಸಾರ ಮಾಡಿದವಳು ನಾನು. ಫೋನಿನಲ್ಲಿ ತುಂಡು ತುಂಡಾಗಿ ಹೇಳಿದ್ದನ್ನೆಲ್ಲ ಒಂದು ಕಡೆ ಬರೆದಿಡುತ್ತಿದ್ದೇನೆ. ಮಂಗಳೂರು, ಉಡುಪಿ ಕಡೆಯಿಂದ ಅಲ್ಲಿಗೆ ಹೋಗುವ ಬೇರೆಯವರಿಗೂ ಉಪಯೋಗವಾದೀತು.

ಗುಡ್ಡದ ಹೆಸರು ಸಕುರಾಜಿಮಾ. ಎತ್ತರ 1,117 ಮೀಟರ್. ಊರಿನ ಎದುರಿಗೇ ಕೊಲ್ಲಿ, ಕೊಲ್ಲಿಯ ಆಚೆ ಗುಡ್ಡ. ಫೆರಿಯಲ್ಲಿ ಕೂತರೆ ಸುಮಾರು 15 ನಿಮಿಷದ ದಾರಿ. 1955ರಿಂದ ಅದು ಪೂರ್ತಿ ಸುಮ್ಮನಾದದ್ದೇ ಇಲ್ಲ ಎನ್ನಬಹುದು. ಕೆಲವು ವರ್ಷ ನೂರಾರು ಸಲ ಸಿಡಿಯುತ್ತದೆ, ಕೆಲವು ವರ್ಷ ಕಮ್ಮಿ. ಇಷ್ಟಾದರೂ ಕಾಗೋಶಿಮಾ ಹಳ್ಳಿ ಅಲ್ಲ. ಸುಮಾರು ಆರು ಲಕ್ಷ ಜನರ ನಗರ, ಟ್ರಾಮ್ ಓಡುತ್ತದೆ, ಬುಲೆಟ್ ರೈಲು ಬರುತ್ತದೆ.

ಅಲ್ಲಿ ಬದುಕಲು ಮೊದಲು ಕಲಿಯಬೇಕಾದ್ದು ಗಾಳಿಯ ದಿಕ್ಕು. ಗುಡ್ಡ ಸಿಡಿದರೆ ಊರಿನವರು ಯಾರೂ ಓಡುವುದಿಲ್ಲ. "ಗಾಳಿ ಯಾವ ಕಡೆ?" ಎಂದು ನೋಡುತ್ತಾರೆ, ಅಷ್ಟೆ. ನಗರ ಗುಡ್ಡದ ಪಶ್ಚಿಮಕ್ಕೆ ಇದೆ. ಚಳಿಗಾಲದಲ್ಲಿ ಗಾಳಿ ವಾಯವ್ಯದಿಂದ ಬೀಸುವುದರಿಂದ ಬೂದಿಯೆಲ್ಲ ಆಚೆ ದಡದ ತರುಮಿಝು ಕಡೆಗೆ ಹೋಗುತ್ತದೆ. ಬೇಸಿಗೆಯಲ್ಲಿ ಪೂರ್ವದ ಗಾಳಿ ಜಾಸ್ತಿ, ಆಗ ಪಾಲು ನಮಗೆ. ಟಿವಿಯಲ್ಲಿ ಹವಾಮಾನ ಹೇಳುವಾಗ ಮಳೆ, ಬಿಸಿಲಿನ ಜೊತೆ ಸಕುರಾಜಿಮಾದ ಮೇಲಿನ ಗಾಳಿ ಎತ್ತ ಬೀಸುತ್ತದೆ ಎಂದೂ ತೋರಿಸುತ್ತಾರೆ. ಜಪಾನಿನ ಹವಾಮಾನ ಇಲಾಖೆ ಬೂದಿ ಎಲ್ಲಿ ಬೀಳಬಹುದು ಎಂದು ಮುನ್ಸೂಚನೆ ಕೊಡುತ್ತದೆ. ಬೆಳಿಗ್ಗೆ ಅದನ್ನು ನೋಡದೆ ನಾನು ಬಟ್ಟೆ ಒಗೆಯಲು ಹಾಕುತ್ತಿರಲಿಲ್ಲ. ಅತ್ತೆ ಮಂಗಳೂರಿನಿಂದ ಬಂದಿದ್ದಾಗ ಅಕ್ಕಿ ಸಂಡಿಗೆ ಹಾಕಬೇಕೆಂದು ಆಸೆಪಟ್ಟರು. ನಾಲ್ಕು ದಿನ ಕಾಯಿಸಿ, ಗಾಳಿ ತಿರುಗಿದ ಮೇಲೆ ಹಾಕಿದೆವು. ಗರಿಗರಿಯಾಗಿ ಒಣಗಿತು.

ಬೂದಿ ಎಂದ ಕೂಡಲೇ ನಮಗೆ ಒಲೆಯ ಬೂದಿ ನೆನಪಾಗುತ್ತದೆ, ಅಲ್ವಾ? ಇದು ಅದಲ್ಲ. ಇದು ಕಲ್ಲು ಮತ್ತು ಗಾಜಿನ ಪುಡಿ. ಕೈಯಲ್ಲಿ ತಿಕ್ಕಿದರೆ ಕರಕರ ಎನ್ನುತ್ತದೆ. ಸ್ವಲ್ಪ ತಂದು ಬಾಟಲಿಯಲ್ಲಿಟ್ಟಿದ್ದೇನೆ. ಬಿಳಿ ಕಾಗದದ ಮೇಲೆ ಒಂದು ಚಿಟಿಕೆ ಹರಡಿ ಅಡಿಯಿಂದ ಅಯಸ್ಕಾಂತ ಓಡಿಸಿದರೆ, ಬೂದು ಪುಡಿಯೊಳಗಿಂದ ಕಪ್ಪು ಕಾಳುಗಳು ಮಾತ್ರ ಎದ್ದು ನಿಂತು ಅದರ ಹಿಂದೆಯೇ ಸಾಗುತ್ತವೆ. ಅದು ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಖನಿಜ. ಭೂತಗನ್ನಡಿಯಲ್ಲಿ ನೋಡಿದರೆ ಉಳಿದ ಕಾಳುಗಳ ಅಂಚು ಚೂಪಾಗಿರುವುದು ಕಾಣುತ್ತದೆ. ಪಕ್ಕದಲ್ಲಿ ಪಣಂಬೂರಿನ ಮರಳು ಇಟ್ಟು ಮಕ್ಕಳಿಗೆ ತೋರಿಸಿದ್ದೇನೆ. ಮರಳು ನೀರಿನಲ್ಲಿ ಹೊರಳಿ ಹೊರಳಿ ಅಂಚು ಸವೆಸಿಕೊಂಡಿರುತ್ತದೆ. ಬೂದಿ ಈಗಷ್ಟೇ ಒಡೆದದ್ದು.

ಈ ಚೂಪು ಅರ್ಥವಾದರೆ ಅಲ್ಲಿನ ಮನೆವಾರ್ತೆಯ ನಿಯಮಗಳೆಲ್ಲ ತಾವಾಗಿ ಅರ್ಥವಾಗುತ್ತವೆ. ಕಣ್ಣಿಗೆ ಬಿದ್ದರೆ ಉಜ್ಜಬಾರದು, ನೀರು ಹಾಕಿ ತೊಳೆಯಬೇಕು. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಅಂಥ ದಿನ ಕನ್ನಡಕಕ್ಕೆ ಬದಲಿಸಬೇಕು. ಕಾರಿನ ಗಾಜಿನ ಮೇಲೆ ಒಣ ವೈಪರ್ ಎಳೆದರೆ ಗೀರು ಖಂಡಿತ, ಮೊದಲು ನೀರು ಸುರಿಯಬೇಕು. ಆದರೆ ಅಂಗಳಕ್ಕೆ ನೀರು ಬಿಟ್ಟು ಬೂದಿಯನ್ನು ಚರಂಡಿಗೆ ತಳ್ಳಬಾರದು. ಒದ್ದೆಯಾದರೆ ಅದು ಭಾರ, ಕೂತಲ್ಲಿ ಗಟ್ಟಿಯಾಗಿ ಚರಂಡಿ ಕಟ್ಟಿಕೊಳ್ಳುತ್ತದೆ. ಪಕ್ಕದ ಮನೆಯ ಅಜ್ಜಿ ಇದನ್ನು ನನಗೆ ಮಾಡಿ ತೋರಿಸಿದರು. ಧೂಳು ಏಳದಷ್ಟು ಮಾತ್ರ ನೀರು ಚಿಮುಕಿಸಿ, ಹಗುರವಾಗಿ ಗುಡಿಸಿ, ಮೊರದಲ್ಲಿ ತುಂಬಿಕೊಂಡರು. ಊರಿನಿಂದ ಒಯ್ದಿದ್ದ ನನ್ನ ಹಿಡಿಸೂಡಿ ಆ ಕೆಲಸಕ್ಕೆ ಹೇಳಿ ಮಾಡಿಸಿದಂತಿತ್ತು. ತುಂಬಿದ ಬೂದಿಗೆ ನಗರಸಭೆ ಹಳದಿ ಚೀಲಗಳನ್ನು ಪುಕ್ಕಟೆ ಕೊಡುತ್ತದೆ. ಕಟ್ಟಿ ಗೊತ್ತುಪಡಿಸಿದ ಜಾಗದಲ್ಲಿಟ್ಟರೆ ಒಯ್ಯುತ್ತಾರೆ. ರಸ್ತೆ ಗುಡಿಸಲು ಬೇರೆಯೇ ಗಾಡಿಗಳಿವೆ. ಬೂದಿಯನ್ನು ಇಷ್ಟು ವ್ಯವಸ್ಥಿತವಾಗಿ ಎತ್ತುವ ಊರನ್ನು ನೋಡಿ ನನಗೆ ಗೌರವ ಹುಟ್ಟಿತು. ಆ ಗೌರವ ಈಗಲೂ ಇದೆ.

ಇನ್ನು ಸಿಡಿಯುವುದನ್ನು ನೋಡಿದ್ದು. 2013ರ ಆಗಸ್ಟ್ 18, ಭಾನುವಾರ ಸಂಜೆ ನಾಲ್ಕೂವರೆ ಗಂಟೆ. ಬಾಲ್ಕನಿಯಲ್ಲಿದ್ದೆ. ಗುಡ್ಡದಿಂದ ಬಿಳಿ ಹೊಗೆ ಏಳುವುದು ದಿನಾ ಇದ್ದದ್ದೇ, ಅದು ಬಹುಪಾಲು ನೀರಾವಿ. ಅವತ್ತು ಎದ್ದದ್ದು ಕಡು ಬೂದು ಬಣ್ಣದ್ದು. ಸದ್ದೇ ಇಲ್ಲ. ಒಂದರೊಳಗಿಂದ ಇನ್ನೊಂದು ಉಬ್ಬಿ ಬರುತ್ತಾ ಮೇಲೇರುತ್ತಿತ್ತು. ಸದ್ದು ತಡವಾಗಿ ಬಂತು. ನಾವಿದ್ದ ಕಡೆಯಿಂದ ಗುಡ್ಡದ ಬಾಯಿಗೆ ಸುಮಾರು ಹತ್ತು ಕಿಲೋಮೀಟರ್, ಶಬ್ದಕ್ಕೆ ಅರ್ಧ ನಿಮಿಷ ಬೇಕು. ಮೊದಲು ಕಿಟಕಿ ಗಾಜು ದಡದಡ ಅದುರಿತು, ಎದೆಗೆ ಗಾಳಿ ತಾಗಿದಂತಾಯಿತು. ಹೊಗೆಯ ಕಂಬ ಸುಮಾರು 5,000 ಮೀಟರ್ ಏರಿತ್ತು ಎಂದು ಆಮೇಲೆ ಸುದ್ದಿಯಲ್ಲಿ ಹೇಳಿದರು. ಗಾಳಿ ನಮ್ಮ ಕಡೆಗೇ ಇತ್ತು. ಕಂಬದ ತಲೆ ವಾಲಿತು, ಬಿಸಿಲು ಮಾಯವಾಯಿತು. ನಾವು ಕಿಟಕಿ ಬಾಗಿಲು ಹಾಕಿ, ಎಸಿ ಆಫ್ ಮಾಡಿ, ಸಂದಿಗೆ ಒದ್ದೆ ಬಟ್ಟೆ ತುರುಕಿದೆವು. ಕೆಳಗೆ ಕಾರುಗಳು ಹಗಲಿನಲ್ಲೇ ಹೆಡ್‌ಲೈಟ್ ಹಾಕಿಕೊಂಡು ತೆವಳುತ್ತಿದ್ದವು. ಜನ ಕೊಡೆ ಬಿಡಿಸಿ, ಮೂಗಿಗೆ ಕರವಸ್ತ್ರ ಹಿಡಿದು ನಡೆಯುತ್ತಿದ್ದರು. ಹೆದರಿಕೆ ಆಯಿತಾ ಎಂದು ಕೇಳುತ್ತಾರೆ. ಆಯಿತು. ಆದರೆ ಕೈಗೆ ಕೆಲಸ ಇದ್ದದ್ದರಿಂದ ಹೆದರಿಕೆಗೆ ಪುರುಸೊತ್ತು ಸಿಗಲಿಲ್ಲ.

ರಾತ್ರಿ ಸಿಡಿಯುವುದು ಬೇರೆಯೇ ನೋಟ. ಕೆಂಪು ಕಲ್ಲುಗಳು ಮೇಲೆ ಹಾರಿ ಇಳಿಜಾರಿನಲ್ಲಿ ಉರುಳುವುದು ಕಾಣುತ್ತದೆ. ಕೆಲವೊಮ್ಮೆ ಹೊಗೆಯೊಳಗೇ ಮಿಂಚು. ಬೂದಿಯ ಕಾಳುಗಳು ಒಂದಕ್ಕೊಂದು ಉಜ್ಜಿ ವಿದ್ಯುತ್ ಹುಟ್ಟುವುದರಿಂದ ಹಾಗೆ. ನನ್ನ ಬದುಕಿನಲ್ಲಿ ಅಷ್ಟು ಚಂದದ್ದನ್ನು ಬೇರೆ ನೋಡಿಲ್ಲ.

ಇದು ಸಿಡಿಯುವ ಬಗೆಯನ್ನು ನಮ್ಮವರ ಸ್ನೇಹಿತರೊಬ್ಬರು ವಿವರಿಸಿದ್ದರು. ಗುಡ್ಡದೊಳಗಿನ ಕೊಳವೆಯ ತುದಿಯಲ್ಲಿ ಶಿಲಾರಸ ತಣಿದು ಮುಚ್ಚಳವಾಗುತ್ತದೆ. ಅಡಿಯಲ್ಲಿ ಅನಿಲ ಸೇರುತ್ತಾ ಒತ್ತಡ ಏರುತ್ತದೆ. ಮುಚ್ಚಳ ತಡೆಯಲಾರದಾಗ ಒಡೆದು ಹಾರುತ್ತದೆ. ಆ ಒತ್ತಡಕ್ಕೆ ಗುಡ್ಡವೇ ಕೂದಲೆಳೆಯಷ್ಟು ಉಬ್ಬುತ್ತದೆ, ಸಿಡಿದ ಮೇಲೆ ಇಳಿಯುತ್ತದೆ. ಕ್ಯೋಟೋ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರ ಅಲ್ಲೇ ಇದೆ. ಸುರಂಗದೊಳಗೆ ಉಪಕರಣ ಇಟ್ಟು ಈ ಉಬ್ಬುವಿಕೆಯನ್ನು ಅಳೆಯುತ್ತಾರೆ.

ಗುಡ್ಡ ಇರುವ ದ್ವೀಪದ ಮೇಲೂ ಜನ ಇದ್ದಾರೆ. ಅವರ ಬದುಕು ನಮ್ಮದಕ್ಕಿಂತ ಕಷ್ಟದ್ದು. ಮಕ್ಕಳು ಹಳದಿ ಹೆಲ್ಮೆಟ್ ಹಾಕಿಕೊಂಡು ಶಾಲೆಗೆ ಹೋಗುತ್ತಾರೆ. ರಸ್ತೆ ಬದಿಯಲ್ಲಿ ಕಾಂಕ್ರೀಟಿನ ಆಸರೆಗಳಿವೆ, ಕಲ್ಲು ಬಿದ್ದರೆ ನುಗ್ಗಲು. ಸಮಾಧಿಗಳಿಗೂ ಬೂದಿ ಬೀಳದಂತೆ ಮಾಡು ಹಾಕಿದ್ದಾರೆ. ಅದೇ ಮಣ್ಣಿನಲ್ಲಿ ಲೋಕದಲ್ಲೇ ದೊಡ್ಡ ಮೂಲಂಗಿ ಬೆಳೆಯುತ್ತದೆ, ತೀರಾ ಸಣ್ಣ ಕಿತ್ತಳೆಯೂ ಬೆಳೆಯುತ್ತದೆ. ಆ ಮೂಲಂಗಿಯ ಹುಳಿಗೆ ರುಚಿ ಉಂಟು.

1914ರ ಜನವರಿ 12ರಂದು ಇಲ್ಲಿ ದೊಡ್ಡ ಸ್ಫೋಟವಾಯಿತು. ಅದಕ್ಕೆ ಮೊದಲು ಭೂಮಿ ನಡುಗಿತ್ತು, ಬಾವಿಗಳ ನೀರು ಬದಲಾಗಿತ್ತು. ತುಂಬಾ ಜನ ದೋಣಿ ಹತ್ತಿ ಹೊರಟರು. ಒಂದು ಹಳ್ಳಿಯವರು ಹವಾಮಾನ ಕೇಂದ್ರವನ್ನು ಕೇಳಿದರು. ಸ್ಫೋಟ ಆಗುವುದಿಲ್ಲ ಎಂಬ ಉತ್ತರ ಬಂತು. ಅದನ್ನು ನಂಬಿ ಉಳಿದವರಲ್ಲಿ ಕೆಲವರು ಸತ್ತರು. ಆ ಸ್ಫೋಟ, ಅದೇ ಸಂಜೆಯ ಭೂಕಂಪ ಸೇರಿ ಸತ್ತವರು 58 ಮಂದಿ. ಲಾವಾ ಸಮುದ್ರವನ್ನೇ ತುಂಬಿ ದ್ವೀಪವನ್ನು ಪೂರ್ವದ ದಡಕ್ಕೆ ಜೋಡಿಸಿತು. ದ್ವೀಪದ ಕುರೊಕಾಮಿ ಎಂಬಲ್ಲಿ ಮೂರು ಮೀಟರ್ ಎತ್ತರದ ದೇವಸ್ಥಾನದ ದ್ವಾರ ಬೂದಿಯಲ್ಲಿ ಹೂತು, ಈಗ ಮೇಲಿನ ಒಂದು ಮೀಟರ್ ಮಾತ್ರ ಕಾಣುತ್ತದೆ. ಹತ್ತು ವರ್ಷದ ಮೇಲೆ, ಹವಾಮಾನ ಕೇಂದ್ರವನ್ನು ಕೇಳಿದ್ದ ಆ ಹಳ್ಳಿಯವರು ಶಾಲೆಯಲ್ಲಿ ಕಲ್ಲು ನಿಲ್ಲಿಸಿದರು. ಸೂಚನೆ ಕಂಡರೆ ಯಾರ ಮಾತಿಗೂ ಕಾಯದೆ ಹೊರಡಿ ಎಂಬುದು ಅದರ ಸಾರ. ಈಗ ಅಳೆಯುವ ಉಪಕರಣಗಳು ಎಷ್ಟೋ ಚೆನ್ನಾಗಿವೆ, ನಾನು ಅವನ್ನು ನಂಬುತ್ತೇನೆ. ಆದರೂ ಆ ಕಲ್ಲಿನ ಮುಂದೆ ನಿಂತು ಮಗನಿಗೆ ಎಲ್ಲವನ್ನೂ ಹೇಳಿದ್ದೇನೆ.

ಭಾವನ ಅಮ್ಮನಿಗೆ ಒಂದು ಮಾತು. ನಮ್ಮ ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದ ಕಲ್ಲಿನ ಕಂಬಗಳೂ ಲಾವಾ ತಣಿದು ಬಿರಿದು ಆದದ್ದೇ. ಮಡಗಾಸ್ಕರ್ ನಮ್ಮಿಂದ ಬೇರೆಯಾದ ಕಾಲದ್ದು, ಒಂಬತ್ತು ಕೋಟಿ ವರ್ಷದ ಆಸುಪಾಸು. ಅಲ್ಲಿ ಈಗ ಹೆದರಬೇಕಾದ್ದು ಏನೂ ಇಲ್ಲ. ಬಿರುಕುಗಳು ಎಷ್ಟು ಒಪ್ಪವಾಗಿವೆ ಎಂದು ಮೊಮ್ಮಗಳ ಜೊತೆ ಹೋಗಿ ನೋಡಿ ಬನ್ನಿ. ಮಳೆಗಾಲದಲ್ಲಿ ಬೋಟ್ ಇರುವುದಿಲ್ಲ.

ಅಪಾಯವನ್ನು ನಾನು ಸಣ್ಣದು ಮಾಡಿ ಹೇಳುತ್ತಿಲ್ಲ. 2022ರ ಜುಲೈ 24ರ ರಾತ್ರಿ ಬಾಯಿಯಿಂದ ಸುಮಾರು ಎರಡೂವರೆ ಕಿಲೋಮೀಟರ್ ದೂರಕ್ಕೆ ಕಲ್ಲು ಹಾರಿತ್ತು. ಎಚ್ಚರಿಕೆಯನ್ನು ಮೊದಲ ಸಲ ಅತ್ಯಂತ ಮೇಲಿನ 5ನೇ ಹಂತಕ್ಕೆ ಏರಿಸಿ, ದ್ವೀಪದ ಐವತ್ತರಷ್ಟು ಜನರನ್ನು ಸ್ಥಳಾಂತರಿಸಲು ಹೇಳಿದರು. ಯಾರಿಗೂ ಗಾಯವಾಗಲಿಲ್ಲ. ಮೂರು ದಿನದಲ್ಲಿ ಹಂತ 3ಕ್ಕೆ ಇಳಿಯಿತು. ಸಾಮಾನ್ಯವಾಗಿ ಅದು ಇರುವುದೇ 3ರಲ್ಲಿ. ಅಂದರೆ ಬಾಯಿಯ ಸುತ್ತ ಎರಡು ಕಿಲೋಮೀಟರ್ ಒಳಗೆ ಯಾರೂ ಹೋಗುವಂತಿಲ್ಲ.

ಹಾಗಾಗಿ ಹುಡುಗಿ ಹೋಗಲಿ. ಮನೆಯನ್ನು ನಗರದ ಕಡೆ ಹಿಡಿಯಲಿ. ಮಾಸ್ಕ್, ಈಜುವಾಗ ಹಾಕುವಂಥ ಕನ್ನಡಕ, ಟಾರ್ಚ್, ನೀರು, ಪಾಸ್‌ಪೋರ್ಟಿನ ಪ್ರತಿ ಒಂದು ಚೀಲದಲ್ಲಿ ಬಾಗಿಲ ಬಳಿ ಯಾವಾಗಲೂ ಇರಲಿ. ಮನೆಯ ಒಳಗೆ ಬಟ್ಟೆ ಒಣಗಿಸುವುದನ್ನು ಮಂಗಳೂರಿನ ಮಳೆಗಾಲ ಅವಳಿಗೆ ಆಗಲೇ ಕಲಿಸಿದೆ. ಪ್ರತಿ ವರ್ಷ ಸ್ಥಳಾಂತರದ ಅಭ್ಯಾಸ ನಡೆಸುತ್ತಾರೆ, ಅದನ್ನು ತಪ್ಪದೆ ನೋಡಲಿ. ಯುನೊಹಿರಾ ವೀಕ್ಷಣಾ ಕಟ್ಟೆಗೆ ಬಸ್ಸು ಹೋಗುತ್ತದೆ, 373 ಮೀಟರ್ ಎತ್ತರದಲ್ಲಿದೆ. ಜನ ಹೋಗಬಹುದಾದ ಅತಿ ಹತ್ತಿರದ ಜಾಗ ಅದು. ಮೊದಲ ತಿಂಗಳಲ್ಲೇ ಹೋಗಿ ಗುಡ್ಡವನ್ನು ಕಣ್ಣಾರೆ ನೋಡಿ ಬರಲಿ. ಹಿಡಿಸೂಡಿ ನಾನು ಕೊಡುತ್ತೇನೆ.