ಮೊದಲು ಬೈಬಲ್, ಆಮೇಲೆ ಪ್ರಣಾಳಿಕೆ

ಚುನಾವಣೆ ಬಂದಾಗ ಎಷ್ಟೋ ವರ್ಷ ನಾನು ಈ ಕ್ರಮವನ್ನು ಉಲ್ಟಾ ಮಾಡುತ್ತಿದ್ದೆ. ಯಾರಿಗೆ ಮತ ಅನ್ನುವುದು ಮೊದಲೇ ತೀರ್ಮಾನ ಆಗಿರುತ್ತಿತ್ತು. ಅದಕ್ಕೆ ಹೊಂದುವ ವಚನ ಹುಡುಕುತ್ತಿದ್ದೆ, ಸಿಕ್ಕೇ ಸಿಗುತ್ತಿತ್ತು. ನನಗೆ ಬೇಕಾದವರು ಗೆದ್ದರೆ ರೋಮಾಪುರದವರಿಗೆ 13: ಅಧಿಕಾರಿಗಳಿಗೆ ಅಧೀನರಾಗಿರಿ. ಸೋತರೆ ಅಪೊಸ್ತಲರ ಕೃತ್ಯಗಳು 5:29: ಮನುಷ್ಯರಿಗಿಂತ ದೇವರಿಗೆ ವಿಧೇಯರಾಗಬೇಕು. ಒಮ್ಮೆ ತಮ್ಮ ಕೇಳಿಯೇಬಿಟ್ಟ, "ಅಕ್ಕಾ, ಫಲಿತಾಂಶ ನೋಡ್ಕೊಂಡು ಪುಟ ತಿರುಗಿಸ್ತೀಯಾ?" ನನ್ನ ಹತ್ತಿರ ಉತ್ತರ ಇರಲಿಲ್ಲ.

ಈಗ ಹೀಗೆ ಮಾಡುತ್ತೇನೆ. ನೀವೂ ಮಾಡಿ ನೋಡಿ.

ಯಾರಿಗೆ ಹಾಕುವ ಮನಸ್ಸಿದೆ, ಯಾಕೆ ಅಂತ ಒಂದು ಚೀಟಿಯಲ್ಲಿ ಬರೆಯಿರಿ. ಯಾರಿಗೂ ತೋರಿಸಬೇಕಿಲ್ಲ, ಹಾಗಾಗಿ ಸುಳ್ಳು ಬೇಡ. "ಮನೆಯವರೆಲ್ಲ ಅವರಿಗೇ ಹಾಕುವುದು", "ಇನ್ನೊಬ್ಬರ ಮುಖ ಕಂಡರಾಗದು" ಇವೂ ಕಾರಣಗಳೇ. ಚೀಟಿ ಮಡಚಿ ಬೈಬಲ್ ಒಳಗೆ ಇಡಿ.

ಆಮೇಲೆ 1 ಸಮುವೇಲ 8 ಪೂರ್ತಿ ಓದಿ. ಇಸ್ರಾಯೇಲಿನ ಜನ ನಮಗೂ ಅರಸ ಬೇಕು ಅಂತ ಹಟ ಹಿಡಿಯುತ್ತಾರೆ. ಅರಸ ಬಂದರೆ ಏನೇನು ಕಿತ್ತುಕೊಳ್ಳುತ್ತಾನೆ ಅಂತ ಪ್ರವಾದಿ ಸಮುವೇಲ ಪಟ್ಟಿ ಕೊಡುತ್ತಾನೆ: ಗಂಡುಮಕ್ಕಳು, ಹೆಣ್ಣುಮಕ್ಕಳು, ಹೊಲ, ದ್ರಾಕ್ಷೇತೋಟ, ಬೆಳೆಯಲ್ಲಿ ಹತ್ತರಲ್ಲೊಂದು ಪಾಲು. ಪ್ರಣಾಳಿಕೆಯಲ್ಲಿ ಬರೀ ಕೊಡುವ ಪಟ್ಟಿ ಇರುತ್ತದೆ, ಅಲ್ವಾ? ಇದನ್ನು ಓದಿಕೊಂಡು ಅದನ್ನು ಓದಿ.

ಮುಂದಿನದು ಜ್ಞಾನೋಕ್ತಿಗಳು 31:8-9. ತಾಯಿ ಅರಸನಾದ ಮಗನಿಗೆ ಹೇಳುವ ಮಾತು: ಬಾಯಿಲ್ಲದವರ ಪರವಾಗಿ ಬಾಯಿ ತೆರೆ. ನಾನು ಜಾಸ್ತಿ ಹೊತ್ತು ಕೂರುವುದು ಇಲ್ಲೇ. ಒಂದೊಂದು ಭರವಸೆಯ ಪಕ್ಕದಲ್ಲೂ ಬರೆಯುತ್ತೇನೆ: ಇದರಿಂದ ಬಾಯಿಲ್ಲದವರಿಗೆ ಏನಾಗುತ್ತದೆ? ನಮ್ಮ ಸಭೆಗೆ, ಅಂದರೆ ಚರ್ಚಿಗೆ, ಏನು ಸಿಗುತ್ತದೆ ಅನ್ನುವುದು ಆಮೇಲಿನ ಮಾತು. ಈ ಕ್ರಮ ಯಾಕೆ ಅಂದರೆ, ಬ್ರಿಟನ್ನಿನಲ್ಲಿ ಗುಲಾಮರ ವ್ಯಾಪಾರದ ಜಗಳ ನಡೆದಾಗ ಎರಡೂ ಕಡೆಯವರ ಕೈಯಲ್ಲಿ ಬೈಬಲ್ ಇತ್ತು. "ದಾಸರೇ, ಯಜಮಾನರ ಮಾತು ಕೇಳಿರಿ" ಅನ್ನುವ ವಚನ ಮಾಲೀಕರಿಗೆ ಬಾಯಿಪಾಠ. ಆ ವ್ಯಾಪಾರ ನಿಲ್ಲಿಸಲು ಹೋರಾಡಿದ ಸಂಸದ ವಿಲ್ಬರ್‌ಫೋರ್ಸ್ ಕೂಡ ಅದೇ ಬೈಬಲ್ ನಂಬಿದವರು. ಅವರು ಹಡಗಿನ ತಳದಲ್ಲಿ ಸರಪಳಿ ಹಾಕಿಸಿಕೊಂಡವನ ಕಡೆಯಿಂದ ಓದಿದರು. ವ್ಯಾಪಾರ ನಿಷೇಧ ಆದದ್ದು 1807ರಲ್ಲಿ.

ಸಭೆಯ ಹಿರಿಯರೇ ಹೆಸರು ಸೂಚಿಸಿದರೆ? ಗೌರವದಿಂದ ಕೇಳಿಸಿಕೊಳ್ಳಿ, ಅಷ್ಟೇ. ಹೊಸದಾಗಿ ಮತ ಹಾಕತೊಡಗಿದಾಗ ಒಬ್ಬರು ಹೇಳಿದಂತೆ ಕಣ್ಣುಮುಚ್ಚಿ ಹಾಕಿ ಆಮೇಲೆ ಪಶ್ಚಾತ್ತಾಪಪಟ್ಟಿದ್ದೇನೆ. ಆದರೆ ಯಾರಾದರೂ ನಾಯಕನನ್ನೇ ರಕ್ಷಕ ಅನ್ನತೊಡಗಿದರೆ ಸುಮ್ನೆ ಕೂರಬೇಡಿ. 1934ರಲ್ಲಿ ಜರ್ಮನಿಯ ಬಾರ್ಮೆನ್‌ನಲ್ಲಿ ಸೇರಿದ ಸಭೆಗಳವರು ಹಿಟ್ಲರನ ಕಾಲದಲ್ಲೇ ಬರೆದುಕೊಟ್ಟರು: ನಾವು ಕೇಳಬೇಕಾದದ್ದು ಕ್ರಿಸ್ತನ ಮಾತು ಮಾತ್ರ.

ಕೊನೆಗೆ ಚೀಟಿ ತೆರೆಯಿರಿ. ಹೆಸರು ಬದಲಾಗದೇ ಇರಬಹುದು. ಕಾರಣ ಒಂದೂ ಬದಲಾಗದಿದ್ದರೆ ಮತ್ತೊಮ್ಮೆ ಓದಿ. ಯಾರೂ ಸರಿಯಿಲ್ಲ ಅನ್ನಿಸಿದರೆ, ಬಡವನಿಗೆ ಯಾರಿಂದ ಕಡಿಮೆ ಕೇಡು ಅಂತ ನೋಡಿ.

ಮನೆಯಲ್ಲಿ ಬೇರೆ ಅಭಿಪ್ರಾಯ ಇದ್ದರೆ ಹೆದರಬೇಡಿ. ರೋಮಿನವರ ಆಡಳಿತದಲ್ಲಿ ಸುಂಕ ವಸೂಲಿ ಮಾಡುತ್ತಿದ್ದ ಮತ್ತಾಯ, ರೋಮಿನ ಆಳ್ವಿಕೆ ಸಹಿಸದವರ ಗುಂಪಿನ ಹೆಸರು ಹೊತ್ತ ಮತಾಭಿಮಾನಿ ಸೀಮೋನ, ಇಬ್ಬರೂ ಯೇಸುವಿನ ಹನ್ನೆರಡು ಮಂದಿ ಶಿಷ್ಯರಲ್ಲಿದ್ದರು. ಆ ಊಟದ ಮೇಜಿನ ಮಾತುಕತೆ ಕೇಳಬೇಕಿತ್ತು!

ಕಳೆದ ಸಲ ನಾನೂ ತಮ್ಮನೂ ಬೇರೆಬೇರೆಯವರಿಗೆ ಹಾಕಿದೆವು. ಅಧಿಕಾರದಲ್ಲಿರುವವರಿಗಾಗಿ ಪ್ರಾರ್ಥಿಸಿ ಅಂತ 1 ತಿಮೊಥೆಯ 2ರಲ್ಲಿ ಇದೆಯಲ್ಲ, ಅದಕ್ಕೊಂದು ಒಪ್ಪಂದ ಮಾಡಿಕೊಂಡಿದ್ದೇವೆ. ಅವನ ಕಡೆಯವರು ಗೆದ್ದರೆ ಪ್ರಾರ್ಥನೆ ನನ್ನದು, ನನ್ನ ಕಡೆಯವರು ಗೆದ್ದರೆ ಅವನದು. ಸದ್ಯ ನನ್ನ ಸರದಿ ನಡೆಯುತ್ತಿದೆ.